ಖಾಲಿ ಚೀಟಿ ಮತ್ತು ಕುಸಿದ ಸರ್ವರ್
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ ಕಂಪ್ಯೂಟರಿನ ವಿಷಯ ಮಾತನಾಡಲು ಬಂದಿದ್ದಾಳಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ನಮ್ಮದೇ ಶಾಲೆಯಲ್ಲಿ ಓದಿದ ಒಬ್ಬ ಹುಡುಗಿ. ಜಾಣೆ. ಕಾಲೇಜಿಗೆ ಸೇರಿ ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡಳು, ಒಂದೇ ವರ್ಷಕ್ಕೆ ಬಿಟ್ಟಳು. ಏಕಮ್ಮ ಎಂದು ಕೇಳಿದೆ. "ಟೀಚರ್, ಪ್ರೋಗ್ರಾಂ ನಿಂತಾಗ ಪರದೆಯ ಮೇಲೆ ಏನೇನೋ ಬರುತ್ತದೆ. ನೋಡಿದರೇ ಭಯವಾಗುತ್ತದೆ. ನಮ್ಮಂಥವರಿಗೆ ಅದು ಅರ್ಥವಾಗುವುದಲ್ಲ" ಎಂದಳು. ಆ "ನಮ್ಮಂಥವರಿಗೆ" ಎಂಬ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಎರಡನೆಯದು, ಇನ್ನೊಬ್ಬ ಹಳೆಯ ವಿದ್ಯಾರ್ಥಿ. ಅವನು ಈಗ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಮನೆಗೆ ಬಂದವನು, "ಟೀಚರ್, ವಾಕ್ಯ ಬಿಡಿಸಿ ಕರ್ತೃ ಯಾವುದು, ಕರ್ಮ ಯಾವುದು ಎಂದು ಹುಡುಕಲು ಕಲಿಸಿದಿರಲ್ಲ, ನನ್ನ ಕೆಲಸವೂ ಅದೇ" ಎಂದ. ಲಿನಕ್ಸ್‌ನಲ್ಲಿ ಹಿಂದೆ ಇದ್ದು ಸರಿಪಡಿಸಲಾದ ಒಂದು ದೋಷವನ್ನು ನನ್ನೆದುರು ವಾಕ್ಯದಂತೆ ಬಿಡಿಸಿ ತೋರಿಸಿದ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಒಂದು ಕಂಪ್ಯೂಟರಿನಲ್ಲಿರುವ ಕಡತಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಕುಳಿತು ತೆರೆಯುವ ವ್ಯವಸ್ಥೆಗೆ ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ಎನ್ನುತ್ತಾರೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನು ರೂಪಿಸಿತು. ಲಿನಕ್ಸ್‌ನಲ್ಲಿ ಈ ಕಡತಗಳನ್ನು ಹಂಚುವ ಸರ್ವರ್ ಕರ್ನಲ್‌ನ ಒಳಗೇ ಇದೆ. ಕರ್ನಲ್ ಎಂದರೆ ಯಂತ್ರದ ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವನ್ನೂ ನಡೆಸುವ ತಿರುಳು. ಸಾಮಾನ್ಯ ಪ್ರೋಗ್ರಾಂ ತಪ್ಪಿದರೆ ಅದೊಂದೇ ನಿಲ್ಲುತ್ತದೆ. ಕರ್ನಲ್ ಒಳಗೆ ತಪ್ಪಾದರೆ ಇಡೀ ಯಂತ್ರವೇ ಕುಸಿಯಬಹುದು. ಅದನ್ನು ನಂಬಿ ಕೆಲಸ ಮಾಡುತ್ತಿದ್ದ ಎಲ್ಲರ ಕಡತಗಳೂ ಸಿಗದಂತಾಗುತ್ತವೆ. ಡಿಸ್ಕಿಗೆ ಇನ್ನೂ ಬರೆಯದೆ ಉಳಿದಿದ್ದ ಮಾಹಿತಿ ಕಳೆದುಹೋಗುತ್ತದೆ.

ಇನ್ನು ನಲ್ ಪಾಯಿಂಟರ್. ಪಾಯಿಂಟರ್ ಎಂದರೆ ವಿಳಾಸ ಬರೆದ ಚೀಟಿ. ಬೇಕಾದ ವಸ್ತು ಮೆಮೊರಿಯಲ್ಲಿ ಎಲ್ಲಿದೆ ಎಂದು ಅದು ಹೇಳುತ್ತದೆ. ಚೀಟಿಯಲ್ಲಿ ಏನೂ ಬರೆದಿಲ್ಲದಿದ್ದರೆ ಅದು ನಲ್. ಉರ್ದುವಿನಲ್ಲಿ ನಾವು ಸೊನ್ನೆಗೆ 'ಸಿಫರ್' ಎನ್ನುತ್ತೇವೆ. ಆ ಪದ ಬಂದಿರುವ ಅರಬಿಯಲ್ಲಿ ಅದರ ಮೂಲ ಅರ್ಥ 'ಖಾಲಿ' ಎಂದೇ. ಚೀಟಿ ಖಾಲಿ ಇರುವುದು ತಪ್ಪಲ್ಲ. ಖಾಲಿ ಚೀಟಿ ಹಿಡಿದು ಮನೆ ಹುಡುಕಲು ಹೊರಡುವುದು ತಪ್ಪು. ಈ ನಲ್ ಎಂಬುದನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದವರು ಟೋನಿ ಹೋರ್. 2009ರಲ್ಲಿ ಅವರೇ ಇದನ್ನು ತಮ್ಮ ನೂರು ಕೋಟಿ ಡಾಲರ್ ತಪ್ಪು ಎಂದು ಸಭೆಯ ಮುಂದೆ ಒಪ್ಪಿಕೊಂಡರು.

ಈಗ ಆ ದೋಷಕ್ಕೆ ಬರೋಣ. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಹೆಸರು ಸಿವಿಇ-2018-16871. ಎನ್‌ಎಫ್‌ಎಸ್‌ನ 4ನೇ ಆವೃತ್ತಿಯಲ್ಲಿ ಕೇಳುವ ಯಂತ್ರ ಹಲವು ಕೆಲಸಗಳನ್ನು ಒಂದೇ ಕೋರಿಕೆಯಲ್ಲಿ ಸಾಲಾಗಿ ಬರೆದು ಕಳಿಸಬಹುದು. ಸರ್ವರ್ ಆಗ ಎರಡು ಗುರುತುಗಳನ್ನು ನೆನಪಿಡುತ್ತದೆ. ಒಂದು 'ಈಗಿನ ಕಡತ'. ಇನ್ನೊಂದು 'ಎತ್ತಿಟ್ಟ ಕಡತ'. ಒಂದು ಕಡತದಿಂದ ಇನ್ನೊಂದಕ್ಕೆ ನಕಲು ಮಾಡಬೇಕಾದರೆ ಕ್ರಮ ಹೀಗಿರುತ್ತದೆ: ಮೂಲ ಕಡತವನ್ನು ತೋರಿಸು, ಅದನ್ನು ಎತ್ತಿಡು, ಗುರಿಯ ಕಡತವನ್ನು ತೋರಿಸು, ಆಮೇಲೆ ನಕಲು ಮಾಡು. ನಕಲಿನ ಈ ಕೆಲಸಗಳಿಗೆ ಕಾಪಿ ಮತ್ತು ಕ್ಲೋನ್ ಎಂದು ಹೆಸರು. 2016ರಲ್ಲಿ ಪ್ರಕಟವಾದ 4.2 ಆವೃತ್ತಿಯ ನಿಯಮಗಳಲ್ಲಿ ಇವು ಸೇರಿದವು.

ಯಾರಾದರೂ 'ಎತ್ತಿಡು' ಎಂಬ ಹೆಜ್ಜೆಯನ್ನೇ ಬಿಟ್ಟು ನೇರವಾಗಿ 'ನಕಲು ಮಾಡು' ಎಂದರೆ? ಈಗಿನ ಕಡತ ಇದೆಯೇ ಎಂದು ಸರ್ವರ್ ಆರಂಭದಲ್ಲೇ ನೋಡುತ್ತಿತ್ತು. ಎತ್ತಿಟ್ಟ ಕಡತ ಇದೆಯೇ ಎಂದು ಈ ಎರಡು ಕೆಲಸಗಳಿಗೆ ಮುನ್ನ ನೋಡುತ್ತಿರಲಿಲ್ಲ. ಸರಿಯಾಗಿ ನಡೆದುಕೊಳ್ಳುವ ಯಂತ್ರಗಳು ಕ್ರಮ ತಪ್ಪದಿದ್ದುದರಿಂದ ತೊಂದರೆ ಕಾಣಿಸಲಿಲ್ಲ. ಕ್ರಮ ತಪ್ಪಿದ ಒಂದೇ ಕೋರಿಕೆ ಬಂದರೂ ಸಾಕಿತ್ತು, ಕರ್ನಲ್ ಖಾಲಿ ಚೀಟಿ ಹಿಡಿದು ಹೊರಡುತ್ತಿತ್ತು.

ಹಾಗೆ ಬಿದ್ದಾಗ ಕರ್ನಲ್ ಒಂದು ವರದಿ ಬರೆಯುತ್ತದೆ. ಅದನ್ನು 'ಊಪ್ಸ್' ಎನ್ನುತ್ತಾರೆ. ಆ ಹುಡುಗಿ ಹೆದರಿದ್ದು ಇಂಥ ಬರಹಕ್ಕೇ. ವಿದ್ಯಾರ್ಥಿಗಳೇ, ಅದನ್ನು ಒಮ್ಮೆಲೇ ಓದಬೇಡಿ. ಅದರಲ್ಲಿ ಮೂರು ವಿಷಯಗಳನ್ನು ಮಾತ್ರ ಹುಡುಕಿ.

ಮೊದಲನೆಯದು, ಯಾವ ವಿಳಾಸವನ್ನು ಮುಟ್ಟಲು ಹೋಗಿ ಬಿತ್ತು? ಇಂಥ ದೋಷದಲ್ಲಿ ಸಾಮಾನ್ಯ 64 ಬಿಟ್ ಯಂತ್ರದ ಪರದೆಯ ಮೇಲೆ ಸಾಲು ಸೊನ್ನೆಗಳ ಕೊನೆಗೆ 30 ಎಂದು ಬರುತ್ತದೆ. ಇದು ಹದಿನಾರರ ಲೆಕ್ಕ. ಮೂರು ಹದಿನಾರಲೆ ನಲವತ್ತೆಂಟು. ಚೀಟಿ ಪೂರ್ತಿ ಖಾಲಿಯಾಗಿದ್ದರೆ ವಿಳಾಸ ಸೊನ್ನೆಯೇ ಆಗಬೇಕಿತ್ತಲ್ಲ, 48 ಎಲ್ಲಿಂದ ಬಂತು? ಕರ್ನಲ್ ಪ್ರತಿ ಕಡತದ ಹೆಸರಿಗೂ 'ಡೆಂಟ್ರಿ' ಎಂಬ ದಾಖಲೆ ಇಡುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು ಎಂದು ಅಂಕಣಗಳಿರುವಂತೆ ಅದರಲ್ಲೂ ಅಂಕಣಗಳಿವೆ. ಕಡತದ ನಿಜವಾದ ವಿವರ ಎಲ್ಲಿದೆ ಎಂದು ಹೇಳುವ ಅಂಕಣ ಆ ದಾಖಲೆಯ ಆರಂಭದಿಂದ 48ನೇ ಬೈಟಿನಲ್ಲಿದೆ. ಸೊನ್ನೆಗೆ 48 ಕೂಡಿಸಿದರೆ 48. ಅಂದರೆ ಡೆಂಟ್ರಿಯ ಚೀಟಿಯೇ ಖಾಲಿ ಇತ್ತು, ಕರ್ನಲ್ ಅದರಲ್ಲಿ ಆ ಅಂಕಣವನ್ನು ಓದಲು ಹೋಯಿತು. ಒಂದು ಸಣ್ಣ ಸಂಖ್ಯೆ ಎಷ್ಟು ಹೇಳಿತು ನೋಡಿ!

ಎರಡನೆಯದು, ಎಲ್ಲಿ ಬಿತ್ತು? ವರದಿಯಲ್ಲಿ ಫಂಕ್ಷನ್‌ನ ಹೆಸರು ಇರುತ್ತದೆ. ಇಲ್ಲಿ ಅದು ಕೋರಿಕೆಯೊಂದಿಗೆ ಬಂದ ಅನುಮತಿಯ ಗುರುತನ್ನು ಪರಿಶೀಲಿಸುವ ಫಂಕ್ಷನ್. ಅದರ ಮೊದಲ ಸಾಲಿನಲ್ಲೇ ಡೆಂಟ್ರಿಯನ್ನು ಓದುವ ಕೆಲಸವಿತ್ತು.

ಮೂರನೆಯದು, ಅಲ್ಲಿಗೆ ಕಳಿಸಿದವರು ಯಾರು? 'ಕಾಲ್ ಟ್ರೇಸ್' ಎಂಬ ಪಟ್ಟಿ ಅದನ್ನು ಹೇಳುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೋರಿಕೆ ಬಂತು, ಸಾಲು ಕೆಲಸಗಳನ್ನು ಬಿಡಿಸಲಾಯಿತು, ನಕಲು ಮಾಡಲು ಹೇಳಲಾಯಿತು, ಅನುಮತಿ ಪರಿಶೀಲನೆಗೆ ಹೋಯಿತು, ಬಿತ್ತು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಸಿಕ್ಕವು.

ಈಗ ಮುಖ್ಯ ಮಾತು. ದುರಸ್ತಿ ಎಲ್ಲಿ ಮಾಡಬೇಕು? ಬಿದ್ದ ಜಾಗದಲ್ಲೇ ತೇಪೆ ಹಾಕೋಣ ಎಂದು ಮನಸ್ಸು ಹೇಳುತ್ತದೆ. ಆದರೆ ಅನುಮತಿ ಪರಿಶೀಲಿಸುವ ಫಂಕ್ಷನ್‌ನ ತಪ್ಪೇನೂ ಇರಲಿಲ್ಲ. ಖಾಲಿ ಚೀಟಿಯನ್ನು ಅದರ ಕೈಗೆ ಕೊಟ್ಟಿದ್ದೇ ತಪ್ಪು. ಆದ್ದರಿಂದ 2018ರಲ್ಲಿ ತಪಾಸಣೆಯನ್ನು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ, ಕಾಪಿ ಮತ್ತು ಕ್ಲೋನ್ ಎರಡೂ ಹಾದುಹೋಗುವ ಬಾಗಿಲಿನಲ್ಲಿ ಇಟ್ಟರು. ಎತ್ತಿಟ್ಟ ಕಡತ ಇದೆಯೇ? ಇಲ್ಲದಿದ್ದರೆ 'ಕಡತದ ಗುರುತು ಇಲ್ಲ' ಎಂಬ ಉತ್ತರ ಕೊಟ್ಟು ಹಿಂದಿರುಗು. ಆ ಉತ್ತರಕ್ಕೆ ನಿಯಮಗಳಲ್ಲಿ 10020 ಎಂಬ ಸಂಖ್ಯೆ ಮೊದಲೇ ಇತ್ತು. ಎತ್ತಿಟ್ಟ ಕಡತವನ್ನು ಮತ್ತೆ ಈಗಿನ ಕಡತವಾಗಿ ಮಾಡುವ ಕೆಲಸದಲ್ಲಿ ಇಂಥದೇ ತಪಾಸಣೆ ಇತ್ತು. ಹೊಸದಾಗಿ ಬಂದ ನಕಲಿನ ಕೆಲಸದಲ್ಲಿ ಮರೆತಿದ್ದರು, ಅಷ್ಟೆ. ಅದೇ ವರ್ಷ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 4.20ರಲ್ಲಿ ಈ ದುರಸ್ತಿ ಸೇರಿತು. ಎರಡು ಸಾಲಿನ ತಪಾಸಣೆ ಇಡೀ ಯಂತ್ರವನ್ನು ಕಾಯುವಂತಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಇದರಿಂದ ನಾನು ಎರಡು ಪಾಠ ಕಲಿತೆ. ಸರ್ವರ್ ಕುಸಿದದ್ದು 'ನನ್ನ ಬಳಿ ಇಲ್ಲ' ಎಂದು ಹೇಳಬೇಕಾದಲ್ಲಿ ಹೇಳದೆ ಮುಂದೆ ಹೋದದ್ದಕ್ಕೆ. ನಮ್ಮ ತರಗತಿಗಳಲ್ಲೂ ಹೀಗೆಯೇ. ಭಿನ್ನರಾಶಿ ಅರ್ಥವಾಗದ ಮಗು ಎದ್ದು ನಿಂತು ಹೇಳದೆ ತಲೆಯಾಡಿಸುತ್ತದೆ. ಎರಡು ವರ್ಷದ ಮೇಲೆ ಬೀಜಗಣಿತದಲ್ಲಿ ಬೀಳುತ್ತದೆ. ನಾವು ಬಿದ್ದ ಜಾಗ ನೋಡಿ ಬೈಯುತ್ತೇವೆ, ಚೀಟಿ ಖಾಲಿಯಾದ ಜಾಗ ಹುಡುಕುವುದಿಲ್ಲ. 'ಗೊತ್ತಿಲ್ಲ' ಎನ್ನುವುದು ಅವಮಾನವಲ್ಲ, ಅದೂ ಒಂದು ಸರಿಯಾದ ಉತ್ತರ. ಪಾಲಕರೂ ನನ್ನ ಸಹ ಶಿಕ್ಷಕರೂ ಆ ಉತ್ತರವನ್ನು ಸಿಟ್ಟಿಲ್ಲದೆ ಕೇಳಿಸಿಕೊಳ್ಳಬೇಕು.

ಎರಡನೆಯ ಪಾಠ, ಆ ಭಯ ಹುಟ್ಟಿಸುವ ಬರಹ ಬೈಗುಳವಲ್ಲ. ಬಿದ್ದವನು ತಾನೇ ಕೊಟ್ಟ ಹೇಳಿಕೆ ಅದು. ಲಿನಕ್ಸ್‌ನ ಮೂಲ ಬರಹ ಎಲ್ಲರಿಗೂ ತೆರೆದಿದೆ, ಓದಲು ಯಾರ ಶಿಫಾರಸೂ ಬೇಡ. ಒಂದು ವಾಕ್ಯವನ್ನು ತಾಳ್ಮೆಯಿಂದ ಬಿಡಿಸಬಲ್ಲವರು ಇದನ್ನೂ ಬಿಡಿಸಬಲ್ಲರು. ಉರ್ದು ಮಾಧ್ಯಮವೋ ಕನ್ನಡ ಮಾಧ್ಯಮವೋ ಎಂದು ಆ ಪರದೆ ಕೇಳುವುದಿಲ್ಲ.

ಆ ಹುಡುಗಿ ಈ ಸಭೆಗೆ ಬಂದಿಲ್ಲ. ಈ ಬರಹ ಸಂಚಿಕೆಯಲ್ಲಿ ಅಚ್ಚಾದ ಮೇಲೆ ಒಂದು ಪ್ರತಿಯನ್ನು ನಾನೇ ಅವಳ ಮನೆಗೆ ಕೊಂಡೊಯ್ಯುತ್ತೇನೆ. ನಲವತ್ತೆಂಟು ಎಲ್ಲಿಂದ ಬಂತು ಎಂದು ಅವಳನ್ನೇ ಕೇಳುತ್ತೇನೆ.