ಅಂಡರ್-14 ಕಪ್ ಯಾರಿಗೆ ಬೇಕು?

ಮಕ್ಕಳನ್ನ ಕ್ರಿಕೆಟ್ ಅಕಾಡೆಮಿಗೆ ಸೇರಿಸುವಾಗ ನಾವೆಲ್ಲ ಏನೇನು ಕೇಳ್ತೀವಿ? ಫೀಸು ಎಷ್ಟು, ಕೋಚ್ ಯಾರು, ಇಲ್ಲಿಂದ ಎಷ್ಟು ಜನ ಸ್ಟೇಟ್ ಆಡಿದ್ದಾರೆ. ಇವತ್ತು ನಾನು ಮಾತಾಡೋದು ನಾವು ಕೇಳದೇ ಬಿಡೋ ಪ್ರಶ್ನೆಗಳ ಬಗ್ಗೆ.

2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ಕೊಟ್ಟವರು ನಮ್ಮ ರಾಹುಲ್ ದ್ರಾವಿಡ್. ಅದೇ ವರ್ಷ ಅಂಡರ್-19 ತಂಡದ ಕೋಚ್ ಆಗಿದ್ದರು. ಅವತ್ತು ಅವರು ಎತ್ತಿಕೊಂಡ ಮುಖ್ಯ ವಿಷಯಗಳಲ್ಲಿ ಒಂದು, ಕಿರಿಯರ ಕ್ರಿಕೆಟ್‌ನಲ್ಲಿ ವಯಸ್ಸು ಸುಳ್ಳು ಹೇಳೋದು. ಅದನ್ನ ಫಿಕ್ಸಿಂಗ್‌ಗೇ ಹೋಲಿಸಿದರು. ಅಪ್ಪ-ಅಮ್ಮ, ಕೋಚ್ ಸೇರಿ ಜನ್ಮದಿನಾಂಕ ತಿದ್ದಿದರೆ, ಮಗು ಅವರಿಂದ ಕಲಿಯೋದು ಮೋಸವನ್ನೇ ಅಲ್ವಾ ಅನ್ನೋದು ಅವರ ಪ್ರಶ್ನೆ.

ನಾನು ಬಿಕಾಂ ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಮೊದಲ ವರ್ಷ ಲಾಭ ತೋರಿಸೋಕೆ ಪುಸ್ತಕ ತಿದ್ದಿದರೆ, ಮುಂದೊಂದು ದಿನ ಆಡಿಟ್‌ನಲ್ಲಿ ಅದು ಹೊರಗೆ ಬರುತ್ತೆ. ಇಲ್ಲೂ ಹಾಗೇ. ಹದಿನಾರರ ಹುಡುಗ ಹದಿನಾಲ್ಕರವರ ಜೊತೆ ಆಡಿದರೆ ವಿಕೆಟ್ ಬೀಳುತ್ತೆ, ಸರಿ. ನಾಲ್ಕು ವರ್ಷ ಕಳೆದ ಮೇಲೆ ಉಳಿದವರೂ ಅವನಷ್ಟೇ ಎತ್ತರ, ಅವನಷ್ಟೇ ಬಲ. ಆಗ ಅವನ ಹತ್ತಿರ ಏನು ಉಳೀತು? ಇನ್ನು ನಿಜವಾದ ವಯಸ್ಸು ಬರೆಸಿ ಬೆಂಚಿನ ಮೇಲೆ ಕೂತ ಹುಡುಗ? ಅವನು ಅಷ್ಟರಲ್ಲಿ ಕಿಟ್ ಬ್ಯಾಗ್ ಅಟ್ಟಕ್ಕೆ ಹಾಕಿರ್ತಾನೆ.

ಬಿಸಿಸಿಐ ಈಗ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತೆ. ಒಳ್ಳೇದೇ. ಆದರೆ ಎಕ್ಸ್‌ರೇ ಸುಳ್ಳನ್ನ ಹಿಡಿಯುತ್ತೆ, ಸುಳ್ಳು ಹೇಳೋ ಆಸೆಯನ್ನಲ್ಲ. ಆ ಆಸೆ ಹುಟ್ಟೋದು ಅಂಡರ್-14 ಕಪ್ ಮೇಲೆ ಕೋಚ್ ಹೆಸರು, ಮನೆಯವರ ಪ್ರತಿಷ್ಠೆ ಎರಡೂ ನಿಂತಾಗ. ಗೆಲ್ಲಲೇಬೇಕು ಅಂದಾಗ ಇನ್ನೂ ಬೆಳೀತಿರೋ ಬೆನ್ನುಮೂಳೆಯ ಹುಡುಗನ ಕೈಲಿ ಓವರ್ ಮೇಲೆ ಓವರ್ ಹಾಕಿಸ್ತಾರೆ. ಕಿರಿಯ ವೇಗಿಗಳಿಗೆ ಬೆನ್ನುಮೂಳೆಯಲ್ಲಿ ಬಿರುಕು ಬರೋದಕ್ಕೆ ಈ ಅತಿಯಾದ ಬೌಲಿಂಗ್ ದೊಡ್ಡ ಕಾರಣ.

ಹಾಗಾದ್ರೆ ಗೆಲುವೇ ಬೇಡವಾ? ನಾರ್ವೆ ನೋಡಿ. ಅಲ್ಲಿ ಮಕ್ಕಳ ಕ್ರೀಡೆಗೆ ಲಿಖಿತ ನಿಯಮಗಳಿವೆ. ಹನ್ನೊಂದು ವರ್ಷ ಆಗೋವರೆಗೆ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರರವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಸುಮಾರು 55 ಲಕ್ಷ ಜನರ ಆ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದು ಪಟ್ಟಿಯಲ್ಲಿ ಮೊದಲ ಸ್ಥಾನ ಪಡೀತು. ಅಲ್ಲಿ ಹಿಮ ಇದೆ, ದುಡ್ಡಿದೆ, ಒಪ್ತೀನಿ. ಆದರೂ ಚಿಕ್ಕಂದಿನಲ್ಲಿ ಅಂಕ ಎಣಿಸದಿದ್ದರೆ ದೊಡ್ಡವರಾದ ಮೇಲೆ ಗೆಲ್ಲಲ್ಲ ಅನ್ನೋ ಭಯಕ್ಕೆ ಆಧಾರ ಇಲ್ಲ ಅನ್ನೋದು ಇಷ್ಟರಿಂದಲೇ ಗೊತ್ತಾಗುತ್ತೆ.

ಇದಕ್ಕೆ ಬಿಸಿಸಿಐ ಆದೇಶ ಬರಲಿ ಅಂತ ಕಾಯಬೇಕಿಲ್ಲ. ಮುಂದಿನ ಸಲ ಅಕಾಡೆಮಿ ಗೇಟಿನ ಹತ್ತಿರ ಮೂರು ಪ್ರಶ್ನೆ ಕೇಳಿ. ತಂಡದಲ್ಲಿರೋ ಎಲ್ಲರಿಗೂ ಬ್ಯಾಟಿಂಗೋ ಬೌಲಿಂಗೋ ಸಿಗುತ್ತಾ? ವಾರಕ್ಕೆ ಎಷ್ಟು ಓವರ್ ಹಾಕಿಸ್ತೀರಿ, ಅದನ್ನ ಯಾರು ಬರೆದಿಡ್ತಾರೆ? ವಾರದಲ್ಲಿ ಯಾವ ದಿನ ಪೂರ್ತಿ ರಜೆ? ಉತ್ತರ ಕೊಡೋಕೆ ತಡಬಡಾಯಿಸಿದರೆ, ಗೋಡೆ ಮೇಲಿನ ಕಪ್‌ಗಳನ್ನ ನೋಡಿ ಮರುಳಾಗಬೇಡಿ.

ಮನೆಗೆ ಬಂದ ಮಗುವಿಗೆ "ಎಷ್ಟು ಹೊಡೆದೆ?" ಅನ್ನೋ ಬದಲು "ಇವತ್ತು ಏನು ಕಲಿತೆ?" ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.