ಯುಗಾದಿಗೆ ಮುಂಚಿನ ಹಿತ್ತಲು



ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಯಿತು. ಯುಗಾದಿ ಇನ್ನೂ ಬರಬೇಕು. ಈ ನಡುವಿನ ದಿನಗಳಲ್ಲಿ ನಮ್ಮ ತುಮಕೂರಿನ ಕಡೆ ಬಹಳ ಮನೆಗಳವರು ಕೈತೋಟದ ಆಸೆ ಬಿಟ್ಟುಬಿಡುತ್ತಾರೆ. ‘ಇನ್ನೇನು ಬಿಸಿಲು ಶುರುವಾಯ್ತು, ಮಳೆ ಬಿದ್ದ ಮೇಲೆ ನೋಡಿದರಾಯ್ತು’ ಎನ್ನುತ್ತಾರೆ. ನೀವು ಇಂಥ ಹೊತ್ತಿನಲ್ಲೇ ಕೈತೋಟದ ಪ್ರದರ್ಶನ ಇಟ್ಟುಕೊಂಡಿದ್ದೀರಿ. ಅದಕ್ಕೇ ನಾನು ಒಪ್ಪಿ ಬಂದೆ. ಹಿತ್ತಲಲ್ಲಿ ನೋಡುವುದಕ್ಕೆ, ಕಲಿಯುವುದಕ್ಕೆ ಈಗ ಇರುವಷ್ಟು ವರ್ಷದ ಬೇರೆ ಯಾವ ಕಾಲದಲ್ಲೂ ಇರುವುದಿಲ್ಲ ಎಂಬುದು ನನ್ನ ನಂಬಿಕೆ.

ಹೊಂಗೆ ಎಲೆ ಉದುರಿಸಿ ಎಳೆ ಹಸಿರು ಉಡುತ್ತಿದೆ. ಮಾವಿನ ಹೂವಿನ ನಡುವೆ ಮಿಡಿ ಕಾಣಿಸುತ್ತಿದೆ. ಊರೂರಲ್ಲಿ ಹುಣಸೆ ಬಡಿಯುವ ಸದ್ದು. ಜಗಲಿಯ ಮೇಲೆ ಹುಣಸೆ ಕುಟ್ಟುವ ಕೆಲಸ. ಬಿಸಿಲಿಗೆ ಹೆದರದೆ ಮರಗಳು ತಮ್ಮ ವರ್ಷದ ದೊಡ್ಡ ಕೆಲಸಕ್ಕೆ ಇಳಿದಿವೆ. ನಾವೇಕೆ ಒಳಗೆ ಕೂರಬೇಕು?

ಮಾಡಬೇಕಾದ ಕೆಲಸ ಭಾರವಾದದ್ದೇನಲ್ಲ. ಮೊದಲು ಬುಡ ಮುಚ್ಚಿ. ಗುಬ್ಬಿಯ ಅಡಿಕೆ ತೋಟಗಳಲ್ಲಿ ಸೋಗೆ ಬಿದ್ದಿರುತ್ತದೆ, ತೆಂಗು ಇರುವ ಮನೆಯಲ್ಲಿ ಕಾಯಿ ಸುಲಿದ ಮಟ್ಟೆ ರಾಶಿ ಇರುತ್ತದೆ. ಮಟ್ಟೆಯನ್ನು ಒಳಮೈ ಮೇಲಾಗಿ ಪಾತಿಯಲ್ಲಿ ಜೋಡಿಸಿ ಮೇಲೆ ಮಣ್ಣು ಎಳೆದರೆ, ಹಾಕಿದ ನೀರನ್ನು ಅದು ಹಿಡಿದಿಟ್ಟುಕೊಂಡು ಬೇರಿಗೆ ನಿಧಾನವಾಗಿ ಬಿಡುತ್ತದೆ. ಕುಣಿಗಲ್ ಸುತ್ತಮುತ್ತ ಕೆರೆಯ ಅಂಚು ಒಣಗುತ್ತಿದ್ದಂತೆ ರೈತರು ಗೋಡು ಹೊಡೆಯುತ್ತಾರಲ್ಲ, ಅದರಲ್ಲಿ ಎರಡು ಬುಟ್ಟಿ ಕೇಳಿ ತಂದು ಕೆಮ್ಮಣ್ಣಿಗೆ ಬೆರೆಸಿಕೊಳ್ಳಿ. ತುಮಕೂರಿನ ತಾರಸಿಯಲ್ಲಿ ಬೆಳೆಯುವವರು ಕುಂಡಗಳನ್ನು ಒತ್ತೊತ್ತಾಗಿ ಇಡಿ; ಒಂದರ ನೆರಳು ಇನ್ನೊಂದರ ಬುಡಕ್ಕೆ ಬೀಳಲಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಚರಂಡಿ ಸೇರದಿರಲಿ. ನಮ್ಮ ಅಜ್ಜಿಯಂದಿರು ಬಚ್ಚಲ ಹಿಂದೆ ಬಾಳೆ, ಕೆಸು ಹಾಕಿದ್ದು ಸುಮ್ಮನೆ ಅಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಮಧ್ಯಾಹ್ನ ಕುಂಬಳದ ಎಲೆ ಜೋಲುಬಿದ್ದಿತೆಂದು ಬಿಂದಿಗೆ ಹಿಡಿದು ಓಡಬೇಡಿ. ಬೇರು ಒದಗಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಆರುವಾಗ ಅದು ಜೋಲುತ್ತದೆ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಹಾಗೇ ಇದ್ದರೆ ಬಾಯಾರಿಕೆ. ಮಣ್ಣಿಗೆ ಬೆರಳಿಟ್ಟು ನೋಡಿ, ಆಮೇಲೆ ನೀರು ಹಾಕಿ. ಬೇಸಿಗೆಯಲ್ಲಿ ನೀರಿಲ್ಲದೆ ಸತ್ತ ಗಿಡಗಳ ಜೊತೆಗೆ, ಮರುಕದಿಂದ ಹಾಕಿದ ನೀರಿಗೆ ಬೇರು ಕೊಳೆತು ಸತ್ತ ಕುಂಡದ ಗಿಡಗಳೂ ಇವೆ.

ಇನ್ನೊಂದು ದೂರು ಎಲ್ಲರ ಬಾಯಲ್ಲೂ ಇದೆ. ‘ಬಳ್ಳಿ ತುಂಬ ಹೂ ಬಿಡುತ್ತೆ, ಒಂದು ಕಾಯಿ ನಿಲ್ಲಲ್ಲ.’ ಕುಂಬಳ, ಸೋರೆ, ಹೀರೆ, ಹಾಗಲ, ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಹೀಚು ಇರುತ್ತದೆ, ಗಂಡಿಗೆ ಬರೀ ತೊಟ್ಟು. ಬಿಸಿಲು ಏರಿದಷ್ಟೂ, ಹಗಲು ಉದ್ದವಾದಷ್ಟೂ ಗಂಡು ಹೂಗಳೇ ಹೆಚ್ಚಾಗುತ್ತವೆ. ಅದರ ಮೇಲೆ ನಗರದ ತಾರಸಿಗೆ ಜೇನು ಬರುವುದು ಕಡಿಮೆ. ಹೀಗಾದಾಗ ಗಂಡು ಹೂ ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ಮುಟ್ಟಿಸಿದರೆ ಸಾಕು. ಆದರೆ ಹೊತ್ತು ಗೊತ್ತಿರಬೇಕು. ಕುಂಬಳ, ಹಾಗಲ ಅರಳುವುದು ಬೆಳಗಿನ ಜಾವ. ಸೂರ್ಯ ನೆತ್ತಿಗೆ ಬರುವ ಮೊದಲೇ ಕುಂಬಳದ ಹೂ ಮುದುಡುತ್ತದೆ. ಹೀರೆ, ಸೋರೆ ಅರಳುವುದು ಸಂಜೆ. ಸೋರೆಯ ಬಿಳಿ ಹೂವಿಗೆ ಇರುಳಿನ ಪತಂಗಗಳೇ ಬಂಧುಗಳು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸೋರೆ ಬಳ್ಳಿಯನ್ನು ಬೈದರೆ ತಪ್ಪು ಬಳ್ಳಿಯದಲ್ಲ.

ಮಕ್ಕಳೇ, ನಿಮಗೂ ಒಂದು ಕೆಲಸ ಇದೆ. ಮನೆಯ ಕರಿಬೇವು ಅಥವಾ ನಿಂಬೆ ಗಿಡದ ಎಳೆ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಏನಾದರೂ ಕಂಡರೆ ಒರೆಸಬೇಡಿ. ಅದು ಚಿಟ್ಟೆಯ ಮರಿ ಇರಬಹುದು. ಹಕ್ಕಿಗಳ ಕಣ್ಣು ತಪ್ಪಿಸಲು ಆ ವೇಷ. ದೊಡ್ಡದಾದ ಮೇಲೆ ವೇಷ ಬಿಟ್ಟು ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿ ಕಟು ವಾಸನೆ ಬಿಡುತ್ತದೆ. ನಾಲ್ಕು ಎಲೆ ತಿಂದರೆ ತಿನ್ನಲಿ ಬಿಡಿ, ಒಗ್ಗರಣೆಗೆ ಕಡಿಮೆಯೇನೂ ಆಗುವುದಿಲ್ಲ.

ಈಗ ಹಲಸಿನ ಮಾತು. ಈ ದಿನಗಳಲ್ಲಿ ಹಲಸಿನ ಮರದ ಕೆಳಗೆ ಬೆರಳುದ್ದದ ಹೀಚುಗಳು ಕಪ್ಪಾಗಿ, ಬೂಷ್ಟು ಹಿಡಿದು ಉದುರಿರುತ್ತವೆ. ಮರಕ್ಕೆ ರೋಗ ಬಂತೆಂದು ಜನ ಗಾಬರಿಯಾಗಿ ಔಷಧಿ ಅಂಗಡಿಗೆ ಓಡುತ್ತಾರೆ. ಅವು ಗಂಡು ಹೂಗೊಂಚಲುಗಳು. ಪರಾಗ ಬಿಟ್ಟಾದ ಮೇಲೆ ಅವು ಉದುರಲೇಬೇಕು. ಮರ ಚೆನ್ನಾಗಿಯೇ ಇದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ಹಲಸಿನ ಮರ ರೈತರೊಬ್ಬರ ತೋಟದಲ್ಲಿತ್ತು, ಅವರ ತಂದೆ ನೆಟ್ಟದ್ದು. ಹಣ್ಣು ಸರಾಸರಿ ಎರಡೂವರೆ ಕಿಲೋ ಅಷ್ಟೇ, ಒಂದು ಸಣ್ಣ ಸಂಸಾರಕ್ಕೆ ಸರಿಯಾಗುವಷ್ಟು. ಬಿಡಿಸಿದರೆ ತಾಮ್ರಗೆಂಪಿನ ತೊಳೆ, ಒಳ್ಳೆಯ ಸಿಹಿ. ಮನೆಯವರಿಗೆ, ನೆಂಟರಿಗೆ ಗೊತ್ತಿದ್ದ ಆ ರುಚಿಯನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದರು. ಕೆಂಪು ಬಣ್ಣ ಕೊಡುವ ಲೈಕೋಪೀನ್ ಅದರಲ್ಲಿ ಹೇರಳವಾಗಿರುವುದು ತಿಳಿಯಿತು. ಆ ತಂದೆ ಸಿದ್ದಪ್ಪನವರ ನೆನಪಿಗೆ ತಳಿಗೆ ‘ಸಿದ್ದು’ ಎಂದು ಹೆಸರಾಯಿತು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ಸಸಿ ಮಾರಿದ ಹಣದಲ್ಲಿ ಶೇಕಡ 75 ಪಾಲು ಮರದ ಒಡೆಯರಿಗೆ. ಇವತ್ತು ಸಿದ್ದು ಹಲಸಿನ ಕಸಿ ಗಿಡ ಕೇಳಿಕೊಂಡು ಹೊರ ರಾಜ್ಯಗಳಿಂದಲೂ ಜನ ಬರುತ್ತಾರೆ. ಹಿರೇಹಳ್ಳಿ ಕೇಂದ್ರ ಹೊರತಂದ ‘ಲಕ್ಷ್ಮಣ’ ಹುಣಸೆಯೂ ನಮ್ಮ ಜಿಲ್ಲೆಯ ರೈತರೊಬ್ಬರ ಮರದ್ದೇ.

ಇದರಲ್ಲಿ ನಾನು ಒತ್ತಿ ಹೇಳಬೇಕಾದ್ದು ಕಸಿಯ ವಿಷಯ. ಹಲಸಿನ ಹೂವಿಗೆ ಪಕ್ಕದ ಮರದ ಪರಾಗವೂ ಬಂದು ಸೇರುವುದರಿಂದ, ಬೀಜ ಹಾಕಿ ಬೆಳೆಸಿದ ಗಿಡ ತಾಯಿಮರದಂತೆ ಇರುವುದಿಲ್ಲ. ಆ ಮರದ ರುಚಿ ಉಳಿಯಬೇಕಾದರೆ ಅದರ ಕಡ್ಡಿಯನ್ನೇ ತಂದು ಕಸಿ ಕಟ್ಟಬೇಕು. ಅಂದರೆ ಮರ ಕಡಿದ ದಿನವೇ ಆ ಹಣ್ಣಿನ ವಂಶ ಮುಗಿಯಿತು. ತುಮಕೂರಿನ ಹಳೆಯ ಬಡಾವಣೆಗಳಲ್ಲಿ, ಗುಬ್ಬಿ, ಕುಣಿಗಲ್ ಪೇಟೆಗಳಲ್ಲಿ ದೊಡ್ಡ ಹಿತ್ತಲುಗಳು ಸೈಟುಗಳಾಗುತ್ತಿವೆ. ಅಲ್ಲಿದ್ದ ಹಲಸು, ಮಾವು, ನೇರಳೆ, ಹುಳಿಯಿಲ್ಲದ ನಿಂಬೆ, ದಪ್ಪ ತೊಳೆಯ ಚಕ್ಕೋತ ಇವೆಲ್ಲ ಗರಗಸಕ್ಕೆ ಸಿಗುತ್ತಿವೆ, ಒಂದು ಕಡ್ಡಿಯೂ ಉಳಿಯದ ಹಾಗೆ. ಇದು ನನಗೆ ಬಹಳ ನೋವಿನ ಸಂಗತಿ. ಮನೆ ಕಟ್ಟಬೇಡಿ ಎನ್ನಲು ನನಗೆ ಹಕ್ಕಿಲ್ಲ. ಕಡಿಯುವ ಮೊದಲು ಕಸಿ ಕಟ್ಟುವವರಿಗೆ ಒಂದು ಮಾತು ತಿಳಿಸಿ ಎಂದು ಕೈಮುಗಿದು ಕೇಳುತ್ತೇನೆ.

ಆ ಕೆಲಸವನ್ನು ಈ ಪ್ರದರ್ಶನದಲ್ಲೇ ಶುರು ಮಾಡಬಹುದು. ಸಂಘಟಕರು ನನ್ನ ಕೋರಿಕೆಗೆ ಒಪ್ಪಿ ಬೀಜ ವಿನಿಮಯದ ಮೇಜಿನ ಪಕ್ಕ ಒಂದು ದೊಡ್ಡ ಪುಸ್ತಕ ಇಟ್ಟಿದ್ದಾರೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಎಲ್ಲರೂ ಕೇಳಿ ತಿನ್ನುವ ಹಣ್ಣಿನ ಮರ ಇದ್ದರೆ ಅದರಲ್ಲಿ ಬರೆಯಿರಿ: ಯಾವ ಮರ, ಎಲ್ಲಿದೆ, ಯಾವ ತಿಂಗಳಲ್ಲಿ ಹಣ್ಣು, ತೊಳೆಯ ಬಣ್ಣ ಯಾವುದು, ವರ್ಷ ಬಿಟ್ಟು ವರ್ಷ ಕಾಯುತ್ತದೆಯೋ ಪ್ರತಿ ವರ್ಷವೋ. ಬರೆಯಲು ಬಾರದ ಅಜ್ಜಿಯರು ಹೇಳಿ, ಮಕ್ಕಳು ಬರೆದುಕೊಳ್ಳುತ್ತಾರೆ. ಮಳೆಗಾಲದ ಹೊತ್ತಿಗೆ ಆ ಪಟ್ಟಿ ಹಿಡಿದು ಹಿರೇಹಳ್ಳಿಯವರನ್ನೂ ತೋಟಗಾರಿಕೆ ಇಲಾಖೆಯವರನ್ನೂ ಕಾಣೋಣ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಆ ಪುಸ್ತಕದ ಮೊದಲ ಪುಟ ಇನ್ನೂ ಖಾಲಿ ಇದೆ. ಚೇಳೂರಿನಿಂದ ಬಂದವರು ಯಾರಾದರೂ ಇದ್ದರೆ ಮೊದಲು ನೀವೇ ಬನ್ನಿ.