ಮೊದಲು ನಮ್ಮನ್ನು ಕೇಳಲಿ

(ವಿಶ್ವ ಪರಿಸರ ದಿನದಂದು ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣ)



ಮರ ಉಳಿಸಿ, ಸೌದೆ ಉರಿಸಬೇಡಿ, ಅಭ್ಯಾಸ ಬದಲಾಯಿಸಿಕೊಳ್ಳಿ ಎಂದು ಹೇಳಲು ನಮ್ಮ ಹತ್ತಿರ ಬರುವವರು ಬಹಳ. ಸೌದೆ ಹೊರುವವಳಿಗೆ ಮೊದಲು ಏನು ಬೇಕು ಅಂತ ಕೇಳುವವರು ಕಡಿಮೆ. ಅದನ್ನು ಕೇಳಬೇಕು ಎಂದು ಕಂಡುಕೊಂಡ ಒಬ್ಬ ವಿಜ್ಞಾನಿಯ ವಿಷಯವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ಅವರು ಡಾ. ಅಮೂಲ್ಯ ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹೊರದೇಶಗಳಲ್ಲೂ ಹೆಸರು ಮಾಡಿದ್ದರು. ಆದರೂ ವಿಜ್ಞಾನ ಹಳ್ಳಿಯ ಬಡವರಿಗೆ ಉಪಯೋಗವಾಗಬೇಕೆಂದು 1974ರಲ್ಲಿ ಸಹೋದ್ಯೋಗಿಗಳ ಜೊತೆ 'ಅಸ್ತ್ರ' ಎಂಬ ಕೇಂದ್ರ ಆರಂಭಿಸಿದರು. ಮೂರು ಪಾತ್ರೆ ಇಡುವ, ಹೊಗೆ ಕೊಳವೆ ಇರುವ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಅದು ಬಂದಿದ್ದು ಅಲ್ಲಿಂದಲೇ.

ಅವರ ತಂಡದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಬರೆದರು. ಯಾರು ಎಷ್ಟು ಸೌದೆ ತರುತ್ತಾರೆ, ನೀರಿಗೆ ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲವನ್ನೂ ಬರೆದರು. ಹಳ್ಳಿಯ ಹೆಂಗಸರು ತರುತ್ತಿದ್ದುದು ಹೆಚ್ಚಾಗಿ ಒಣ ಕಡ್ಡಿ, ಪುಳ್ಳೆ. ಮರಗಳಿಗೆ ಕೊಡಲಿ ಬೀಳುತ್ತಿದ್ದುದು ಲಾರಿಗಳಲ್ಲಿ ಪಟ್ಟಣಕ್ಕೆ ಹೋಗುವ ಸೌದೆಗಾಗಿ. ಬೈಗುಳ ಮಾತ್ರ ನಮ್ಮ ತಲೆಗೆ!

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಮೊದಲು ಆ ಗ್ಯಾಸನ್ನು ಅಡುಗೆಗೆ ಕೊಡುವ ಯೋಚನೆ ಇತ್ತು. ಅದು ನಡೆಯಲಿಲ್ಲ. ಇದ್ದ ಸಗಣಿಯಲ್ಲಿ ಎಲ್ಲ ಮನೆಯ ಅಡುಗೆಗೆ ಗ್ಯಾಸ್ ಸಾಲದು. ಊರಿನವರಿಗೆ ಮೊದಲು ಬೇಕಾಗಿದ್ದುದು ಗ್ಯಾಸಲ್ಲ, ಕುಡಿಯುವ ನೀರು. ರೆಡ್ಡಿಯವರ ತಂಡ ಜನರನ್ನು ದೂರಲಿಲ್ಲ, ಯೋಜನೆಯನ್ನೇ ಬದಲಾಯಿಸಿತು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟ್ ತೆಗೆದು, ಕೊಳವೆ ಬಾವಿಯ ನೀರನ್ನು ನಲ್ಲಿಗೆ ತಂದರು. ಮನೆಗಳಿಗೆ ಟ್ಯೂಬ್‌ಲೈಟ್ ಬಂತು.

ಆಗ ಅಭ್ಯಾಸ ತಾನಾಗಿ ಬದಲಾಯಿತು. ದಿನಾ ಸಗಣಿ ತಂದು ತೂಕ ಹಾಕಿಸುವರು. ಕಿಲೋಗೆ 2 ಪೈಸೆ ಸಿಗುತ್ತಿತ್ತು, ಆ ದುಡ್ಡು ಹೆಚ್ಚಾಗಿ ಹೆಂಗಸರ, ಮಕ್ಕಳ ಕೈಗೆ. ಗ್ಯಾಸ್ ತೆಗೆದ ಮೇಲೆ ಗೊಬ್ಬರವೂ ವಾಪಸ್. ಊರಿನ ಯುವಕರೇ ಘಟಕ ನಡೆಸಿದರು, ಊರಿನ ಸಮಿತಿಯೇ ಉಸ್ತುವಾರಿ ನೋಡಿತು. ಸಗಣಿ ಬರದಿದ್ದರೆ ಎಲ್ಲರ ಮನೆಯ ದೀಪವೂ ಆರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಸಂಘದ ಸಾಲದ ಕಂತಿನ ಹಾಗೇ ಅಲ್ವಾ?

ಈ ಪಾಠವನ್ನು ಅವರು ಸರಕಾರದ ಮುಂದೂ ಇಟ್ಟರು. ಕರ್ನಾಟಕಕ್ಕೆ ಎಷ್ಟು ಕರೆಂಟ್ ಉತ್ಪಾದಿಸಬೇಕು ಎಂದು ಮೊದಲೇ ಕೇಳಬೇಡಿ, ಎಷ್ಟು ಮನೆಗೆ ಬೆಳಕಿಲ್ಲ ಎಂದು ಕೇಳಿ. ಕಡಿಮೆ ಕರೆಂಟ್ ಎಳೆಯುವ ದೀಪ, ಪಂಪು ಬಳಸಿದರೆ ಖರ್ಚೂ ಕಡಿಮೆ, ಪರಿಸರಕ್ಕೂ ಒಳ್ಳೆಯದು ಎಂದು ಲೆಕ್ಕ ಹಾಕಿ ತೋರಿಸಿದರು. 2000ದಲ್ಲಿ ಇತರ ಮೂವರೊಂದಿಗೆ ಅವರಿಗೆ ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರಲ್ಲಿ ತೀರಿಕೊಂಡರು.

ಸಹೋದರಿಯರೇ, ಇಂದು ಹಲವು ಪಂಚಾಯತಿಗಳಲ್ಲಿ ಕಸ ವಿಲೇವಾರಿಯ ಕೆಲಸ ನಮ್ಮ ಸಂಘಗಳಿಗೇ ಬರುತ್ತಿದೆ. ನಾಳೆ ಇನ್ನೊಂದು ಯೋಜನೆ ಬರಬಹುದು. ಬೇಡ ಅನ್ನುವುದು ಬೇಡ. ಆದರೆ ಸಹಿ ಹಾಕುವ ಮೊದಲು ಸಭೆಯಲ್ಲಿ ಮೂರು ಮಾತು ಕೇಳೋಣ: ಇದರಿಂದ ನಮ್ಮ ದುಡಿಮೆ ಇಳಿಯುತ್ತದೋ, ಏರುತ್ತದೋ? ದುಡ್ಡು ಯಾರ ಕೈಗೆ ಬರುತ್ತದೆ? ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತದೆ? ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಸೋಣ. ಗ್ರಾಮಸಭೆಗೆ ಒಬ್ಬೊಬ್ಬರೇ ಹೋಗದೆ ಸಂಘವಾಗಿ ಹೋಗಿ, ಮೊದಲು ಬೇಕಾದ್ದನ್ನು ಬಾಯಿಬಿಟ್ಟು ಹೇಳೋಣ.

ದೇವರು ಕೊಟ್ಟ ಈ ಭೂಮಿಯನ್ನು ಕಾಯುವ ಕೆಲಸ ಎಲ್ಲರದು. ಅದರ ಹೊರೆ ಹೆಂಗಸರ ತಲೆಯ ಮೇಲೆ ಮಾತ್ರ ಬೀಳದಿರಲಿ. ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ.